ಗುಂಡು ಎಣಿಸುವ ಊರು, ಡಬ್ಬಿಗಟ್ಟಲೆ ಕೊಳ್ಳುವ ಊರು

ಮೊದಲ ರೈಫಲ್ ತೆಗೆದುಕೊಳ್ಳಬೇಕು ಅನ್ನುವವರು ನನ್ನ ಹತ್ತಿರ ಕೇಳುವುದು ಒಂದೇ, ಯಾವ ಕಂಪನಿಯದು ಒಳ್ಳೆಯದು ಅಂತ. ಗುಂಡು ಎಲ್ಲಿಂದ ತರುತ್ತೀರಿ, ಎಷ್ಟು ಇಟ್ಟುಕೊಳ್ಳುತ್ತೀರಿ, ಯಾವ ಗುಂಡು ಯಾವ ನಳಿಗೆಗೆ ಹೊಂದುತ್ತದೆ ಅಂತ ಯಾರೂ ಕೇಳುವುದಿಲ್ಲ. .22 ರೈಫಲಿನ, ಅಂದರೆ 0.22 ಇಂಚು ಬೋರಿನ ಸಣ್ಣ ರೈಫಲಿನ, ಖುಷಿ ಪೂರ್ತಿ ನಿಂತಿರುವುದು ಈ ಎರಡನೇ ಪ್ರಶ್ನೆಯ ಮೇಲೆ. ನಾನು ಉಡುಪಿಯವನು, ಈಗ ಮನೆ ಮಾಡಿಕೊಂಡಿರುವುದು ಅಮೆರಿಕದ ಒಹಾಯೊದಲ್ಲಿ. ಗುಂಡನ್ನು ಈ ಎರಡು ಊರುಗಳು ನೋಡುವ ರೀತಿಯೇ ಬೇರೆ. ಇಲ್ಲಿ ಗುಂಡು ಬೇಕಾದಷ್ಟು ಸಿಗುತ್ತದೆ, ಲೆಕ್ಕ ಇಡುವವರು ಕಮ್ಮಿ. ಅಲ್ಲಿ ಲೆಕ್ಕ ಪಕ್ಕಾ, ಆದರೆ ಅಭ್ಯಾಸ ಮಾಡಲು ಗುಂಡೇ ಇಲ್ಲ. ಊರಿನ ಲೆಕ್ಕವನ್ನು ಇಟ್ಟುಕೊಂಡೇ ಇಲ್ಲಿಯ ಹಾಗೆ ಅಭ್ಯಾಸ ಮಾಡಲು ಸಾಧ್ಯ ಇದೆ, ಆಗಲೇಬೇಕು ಅನ್ನುವುದು ನನ್ನ ಮಾತು.

ನಮ್ಮ ಉಡುಪಿ ಕಡೆ ಕೋವಿ ಅಂದರೆ ತೋಟದ ಕೋವಿ. ಹೆಬ್ರಿ ಹತ್ತಿರ ನನ್ನ ದೊಡ್ಡಪ್ಪನ ಮನೆಯಲ್ಲಿ ಇರುವುದು 12 ಬೋರಿನ ಒಂಟಿ ನಳಿಗೆ. ಲೈಸೆನ್ಸ್ ಬೆಳೆ ರಕ್ಷಣೆಗೆ ಅಂತ. ಹಂದಿ ಗದ್ದೆಗೆ ಇಳಿದರೆ, ಮಂಗಗಳ ಹಿಂಡು ತೆಂಗಿನ ಮರ ಹತ್ತಿದರೆ ಹೆದರಿಸಲಿಕ್ಕೆ ಒಂದು ಈಡು, ಅಷ್ಟೇ. ತೋಟೆ, ಅಂದರೆ ಕೋವಿಗೆ ಹಾಕುವ ಗುಂಡು, ಬೇಕಾದರೆ ಲೈಸೆನ್ಸ್ ಪುಸ್ತಕ ಹಿಡಿದುಕೊಂಡು ಪೇಟೆಯ ಕೋವಿ ಅಂಗಡಿಗೇ ಹೋಗಬೇಕು. ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಅಂತ ಪುಸ್ತಕದಲ್ಲೇ ಇರುತ್ತದೆ. ಕೊಟ್ಟದ್ದನ್ನು ಅಂಗಡಿಯವರು ಅದರಲ್ಲೇ ಬರೆಯುತ್ತಾರೆ. ಪುಣೆಯ ಖಡ್ಕಿ ಕಾರ್ಖಾನೆಯ ತೋಟೆ ಸಿಕ್ಕಿದರೆ ದೊಡ್ಡಪ್ಪನಿಗೆ ಸಮಾಧಾನ.

ಆ ತೋಟೆಗಳನ್ನು ಅವರು ಇಡುವ ರೀತಿ ನೋಡಬೇಕು. ಬೀಗ ಹಾಕಿದ ಕಪಾಟಿನೊಳಗೆ ಒಂದು ತಗಡಿನ ಬಿಸ್ಕೆಟ್ ಡಬ್ಬಿ, ಅದರೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ತೋಟೆ. ಮುಚ್ಚಳದ ಒಳಮೈಗೆ ಒಂದು ಕಾಗದ ಅಂಟಿಸಿದ್ದಾರೆ. ಒಂದು ಈಡು ಹೊಡೆದರೆ ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ, ಪಕ್ಕದಲ್ಲಿ ತಾರೀಕು. ಹಿಂದೆ ಕಾಗದದ ತೋಟೆ ಇದ್ದ ಕಾಲದಲ್ಲಿ ಆಟಿ ತಿಂಗಳ ತೇವಕ್ಕೆ ಅದು ಉಬ್ಬಿ ನಳಿಗೆಯೊಳಗೆ ಹೋಗುತ್ತಲೇ ಇರಲಿಲ್ಲವಂತೆ. ಈಗಿನದು ಪ್ಲಾಸ್ಟಿಕ್ಕು. ಆದರೂ ಸುತ್ತುವುದನ್ನು ಅವರು ಬಿಟ್ಟಿಲ್ಲ. ಕರಾವಳಿಯ ಉಪ್ಪುಗಾಳಿ ಹಿತ್ತಾಳೆಯನ್ನೂ ಬಿಡುವುದಿಲ್ಲ, ಅವರು ಮಾಡುವುದು ಸರಿಯೇ.

ಚುನಾವಣೆ ಘೋಷಣೆ ಆಯಿತು ಅಂದರೆ ಕೋವಿಯನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಲೋಕಸಭೆಗೂ ಆಯಿತು, ವಿಧಾನಸಭೆಗೂ ಆಯಿತು. ಫಸಲು ಕೈಗೆ ಬರುವ ಹೊತ್ತಿಗೇ ಕೋವಿ ಮನೆಯಲ್ಲಿ ಇಲ್ಲದಿದ್ದರೆ ಡಬ್ಬ ಬಡಿಯುವುದು, ಪಟಾಕಿ ಹಚ್ಚುವುದು. ವಿನಾಯಿತಿ ಬೇಕಾದರೆ ಬೇರೆ ಅರ್ಜಿ, ಬೇರೆ ಓಡಾಟ. ತೋಟ ಮಾಡುವವರಿಗೆ ಇದು ದೊಡ್ಡ ಕಿರಿಕಿರಿ, ಅದನ್ನು ಅವರು ಹೇಳಿದಾಗಲೆಲ್ಲ ನಾನು ಒಪ್ಪುತ್ತೇನೆ.

ಇಷ್ಟೆಲ್ಲ ಲೆಕ್ಕ ಇರುವ ಕಡೆ .22 ರೈಫಲ್ ಕಣ್ಣಿಗೆ ಬೀಳುವುದು ಎನ್‌ಸಿಸಿಯಲ್ಲಿ ಮಾತ್ರ. ನಾನೂ ಮೊದಲು ಅದನ್ನು ಮುಟ್ಟಿದ್ದು ಉಡುಪಿಯಲ್ಲಿ ಕಾಲೇಜಿಗೆ ಹೋಗುವಾಗ, ಕ್ಯಾಂಪಿನಲ್ಲಿ. ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿ, 25 ಗಜದ ಟಾರ್ಗೆಟ್ಟು ನೋಡಿಕೊಂಡು, ಕೈಗೆ ಕೊಟ್ಟ ನಾಲ್ಕಾರು ಗುಂಡನ್ನು ಉಸಿರು ಹಿಡಿದು ಹೊಡೆಯುವುದು. ಮುಗಿದ ಮೇಲೆ ಖಾಲಿ ಕೇಸುಗಳನ್ನು, ಅಂದರೆ ಹೊಡೆದ ಗುಂಡಿನ ಹಿತ್ತಾಳೆ ಕವಚಗಳನ್ನು, ಹುಲ್ಲಿನೊಳಗಿಂದ ಹುಡುಕಿ ಎಣಿಸಿ ಒಪ್ಪಿಸುವುದು. ಒಂದು ಕಮ್ಮಿಯಾದರೆ ಎಲ್ಲರೂ ಮೊಣಕಾಲೂರಿ ಹುಡುಕಬೇಕು. ಆಗ ಕಲಿತ ಶಿಸ್ತು ಇವತ್ತಿಗೂ ನನ್ನ ಕೈಯಲ್ಲಿ ಇದೆ.

ಒಹಾಯೊದ ವಿಷಯಕ್ಕೆ ಬರೋಣ. ಇಲ್ಲಿರುವ ನಮ್ಮವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎಚ್-1ಬಿ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಇಲ್ಲಿಯ ಕೇಂದ್ರ ಕಾನೂನಿನಲ್ಲೇ ಅದಕ್ಕೆ ನಿಷೇಧ ಇದೆ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಹಾಗಂತ ಯಾರದೋ ಬಾಯಿಮಾತು ನಂಬಿ ಹೊರಡಬೇಡಿ, ವಕೀಲರ ಹತ್ತಿರ ಕೇಳಿಕೊಳ್ಳಿ. ನಾನು ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆಯೇ ಅಂಗಡಿಗೆ ಹೋದದ್ದು. ರೈಫಲಿಗೆ 4473 ಅನ್ನುವ ಫಾರಂ ತುಂಬಬೇಕು, ಅಂಗಡಿಯವರು ನಮ್ಮ ಹಿನ್ನೆಲೆ ತಪಾಸಣೆ ಮಾಡಿಸುತ್ತಾರೆ. ಗುಂಡಿಗೆ ಅದೂ ಇಲ್ಲ. 18 ವರ್ಷ ದಾಟಿದ್ದರೆ ಸಾಕು, ಮೀನು ಹಿಡಿಯುವ ಗಾಳ ಮಾರುವ ಅಂಗಡಿಯಲ್ಲೇ .22 ಗುಂಡಿನ ಡಬ್ಬಿ ಸಿಗುತ್ತದೆ. 50ರದ್ದು ಒಂದು ಡಬ್ಬಿ, ಅಂಥ ಹತ್ತು ಡಬ್ಬಿ ಸೇರಿ 500ರದ್ದು ಒಂದು ಕಟ್ಟು. ಸಾಧಾರಣ ಗುಂಡಾದರೆ ಒಂದಕ್ಕೆ ಹತ್ತು ಸೆಂಟಿನ ಆಚೀಚೆ. ದೊಡ್ಡಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ಬೆಲೆಯ ಬಗ್ಗೆ ಏನೂ ಹೇಳಲಿಲ್ಲ. "ಪುಸ್ತಕದಲ್ಲಿ ಬರೀಲಿಕ್ಕೇ ಇಲ್ವಾ ಮಾರಾಯ?" ಅಂತ ಅಷ್ಟೇ ಕೇಳಿದರು.

ಬರೆಯಲಿಕ್ಕಿಲ್ಲ ಅನ್ನುವುದರಿಂದಲೇ ಇಲ್ಲಿ ಗುಂಡು ಸುಮ್ನೆ ಪೋಲಾಗುತ್ತದೆ. ಹೊಸಬರು ಹೆಚ್ಚಾಗಿ ಕೊಳ್ಳುವುದು ರೂಗರ್ 10/22. 1964ರಿಂದ ಬರುತ್ತಿರುವ ಒಳ್ಳೆಯ ರೈಫಲ್, ಒಂದೊಂದು ಸಲ ಕುದುರೆ (ಟ್ರಿಗರ್) ಎಳೆದಂತೆ ಮುಂದಿನ ಗುಂಡು ತಾನೇ ಒಳಗೆ ಹೋಗುತ್ತದೆ. ಹತ್ತರ ಮ್ಯಾಗಜಿನ್ ಖಾಲಿಯಾಗಲು ಹತ್ತು ಸೆಕೆಂಡ್ ಬೇಡ. ಟಾರ್ಗೆಟ್ಟಿನ ಕಾಗದ ಜರಡಿಯಾಗಿರುತ್ತದೆ, ಯಾವ ಗುಂಡು ಯಾಕೆ ಅಲ್ಲಿ ಹೋಯಿತು ಅಂತ ಹೊಡೆದವನಿಗೇ ಗೊತ್ತಿರುವುದಿಲ್ಲ. ಅದಕ್ಕೇ ಮೊದಲ ರೈಫಲ್ ಬೋಲ್ಟಿನದೇ, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಹಿಡಿಕೆ ಎಳೆದು ತಳ್ಳಬೇಕಾದ್ದೇ, ಇರಲಿ ಅನ್ನುತ್ತೇನೆ. ಒಂದು ಹೊಡೆದು, ಬೋಲ್ಟ್ ಎಳೆದು, ಖಾಲಿ ಕೇಸ್ ಹೊರಬಿದ್ದ ಮೇಲೆ ಇನ್ನೊಂದು. ಆ ನಡುವೆ ಸಿಗುವ ಎರಡು ಉಸಿರಿನ ಹೊತ್ತಿನಲ್ಲಿ ಭುಜ ಎಲ್ಲಿತ್ತು, ಬೆರಳು ಹೇಗಿತ್ತು ಅಂತ ಯೋಚಿಸಲು ಆಗುತ್ತದೆ. ಗುಂಡೂ ಬಾಳುತ್ತದೆ.

ಈ ಗುಂಡಿನ ರಚನೆ ಗೊತ್ತಿದ್ದರೆ ಅದನ್ನು ಯಾಕೆ ಜೋಪಾನ ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ಈಗ ನಾವು ಹೊಡೆಯುವ .22 ಲಾಂಗ್ ರೈಫಲ್ ಗುಂಡು 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ತಂದದ್ದು. ದೊಡ್ಡ ಗುಂಡುಗಳಲ್ಲಿ ಬುಡದ ನಡುವೆ ಒಂದು ಕೇಪು (ಹೊತ್ತಿಸುವ ಮದ್ದಿನ ಪುಟ್ಟ ಬಟ್ಟಲು) ಇರುತ್ತದೆ, ಕುದುರೆ ಎಳೆದಾಗ ರೈಫಲಿನ ಸೂಜಿ ಅದಕ್ಕೆ ಬಡಿಯುತ್ತದೆ. ನಮ್ಮ .22 ರಿಮ್‌ಫೈರ್ ಜಾತಿಯದು, ಅದರಲ್ಲಿ ಕೇಪು ಇಲ್ಲ. ಬುಡದ ಅಂಚು ಒಳಗಿನಿಂದ ಟೊಳ್ಳು, ಹೊತ್ತಿಕೊಳ್ಳುವ ಮದ್ದು ಆ ಅಂಚಿನ ಒಳಸುತ್ತಿಗೆ ಕೂತಿರುತ್ತದೆ, ಸೂಜಿ ಅಂಚನ್ನು ಜಜ್ಜಿದಾಗ ಹತ್ತಿಕೊಳ್ಳುತ್ತದೆ. ಜಜ್ಜಿದ ಜಾಗದಲ್ಲಿ ಮದ್ದು ಸರಿಯಾಗಿ ಕೂತಿರದಿದ್ದರೆ ಬರೀ ಟಿಕ್ ಅನ್ನುವ ಸದ್ದು. ಆಗ ನಳಿಗೆಯನ್ನು ಟಾರ್ಗೆಟ್ಟಿನ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು, ತಡವಾಗಿ ಸಿಡಿಯುವುದೂ ಉಂಟು. ಒಮ್ಮೆ ಹೊಡೆದ ಕೇಸಿನ ಅಂಚು ಜಜ್ಜಿ ಹೋಗಿರುತ್ತದೆ, ಮನೆಯಲ್ಲಿ ಮತ್ತೆ ಮದ್ದು ತುಂಬಲು ಬರುವುದಿಲ್ಲ. ಅಂದರೆ ಕಾರ್ಖಾನೆಯಿಂದ ಬಂದಷ್ಟೇ ಗುಂಡು. ಅಲ್ಲಿಂದ ಬರುವುದು ನಿಂತರೆ ರೈಫಲ್ ಗೋಡೆಗೆ ಒರಗಿಸಿಡಬೇಕು, ಅಷ್ಟೇ.

ಗುಂಡು ಸಿಗದೆ ಹಾಗೆ ಒರಗಿಸಿಟ್ಟದ್ದೂ ಉಂಟು. 2012ರ ಡಿಸೆಂಬರಿನಲ್ಲಿ ಇಲ್ಲಿ ಒಂದು ಶಾಲೆಯಲ್ಲಿ ಮಕ್ಕಳನ್ನು ಗುಂಡಿಟ್ಟು ಕೊಂದ ಭಯಂಕರ ಘಟನೆಯ ಬಳಿಕ ಕಾನೂನು ಬಿಗಿಯಾಗುತ್ತದೆ ಅನ್ನುವ ಹೆದರಿಕೆ ಹುಟ್ಟಿತು. ಜನ ಅಂಗಡಿಗಳಿಗೆ ನುಗ್ಗಿ .22 ಗುಂಡನ್ನು ಬಾಚಿಕೊಂಡರು. 2013ರ ಉದ್ದಕ್ಕೂ ಕಪಾಟು ಖಾಲಿ, ಒಬ್ಬರಿಗೆ ಒಂದೆರಡು ಡಬ್ಬಿ ಮಾತ್ರ ಅಂತ ಚೀಟಿ. 2020ರಲ್ಲಿ ಕೊರೋನಾ ಬಂದಾಗ ಮತ್ತೆ ಅದೇ ಕಥೆ. ಕಾರ್ಖಾನೆಗಳು ನಿಂತಿರಲಿಲ್ಲ. ಬಂದದ್ದನ್ನೆಲ್ಲ ಕೆಲವರೇ ಮನೆಯೊಳಗೆ ಪೇರಿಸಿಟ್ಟರು. ಅಪ್ಪನ ಜೊತೆ ಮೊದಲ ಸಲ ಬಂದ ಹುಡುಗರಿಗೆ ಹೊಡೆಯಲು ಗುಂಡಿಲ್ಲ, ಯಾರದೋ ನೆಲಮಾಳಿಗೆಯಲ್ಲಿ ಸಾವಿರಗಟ್ಟಲೆ ಕೊಳೆಯುತ್ತಿದೆ. ಇದು ನನಗೆ ಸಿಟ್ಟು ಬರಿಸುವ ವಿಷಯ. ದೊಡ್ಡಪ್ಪನ ಮುಚ್ಚಳದ ಗೆರೆಗಳು ಇಂಥವರಿಗೆ ಬೇಕು.

ನಾನು ಮಾಡುವುದು ಇಷ್ಟು. ನನ್ನ ಡಬ್ಬಿಯ ಮುಚ್ಚಳಕ್ಕೂ ಒಂದು ಕಾಗದ ಅಂಟಿಸಿದ್ದೇನೆ. ಒಂದು ಬೇಸಿಗೆಗೆ ಬೇಕಾಗುವಷ್ಟು ಗುಂಡು ಮನೆಯಲ್ಲಿ ಇರುತ್ತದೆ. ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಜಾಗದಲ್ಲಿ, ಎಷ್ಟು ಖರ್ಚಾಯಿತೋ ಅಷ್ಟನ್ನೇ ವಾಪಸ್ ಬರುವಾಗ ಕೊಳ್ಳುತ್ತೇನೆ. ಕಪಾಟಿಗೆ ಬೀಗ, ಗುಂಡು ಒಂದು ಕಡೆ, ರೈಫಲ್ ಇನ್ನೊಂದು ಕಡೆ. ಬಂದ ಕೂಡಲೇ ಸೋಪಿನಲ್ಲಿ ಕೈ ತೊಳೆಯುತ್ತೇನೆ, ಯಾಕೆಂದರೆ ಈ ಗುಂಡು ಹೆಚ್ಚಾಗಿ ಮೇಣ ಸವರಿದ ಬರೀ ಸೀಸ, ಬೆರಳಿಗೆ ಅಂಟುತ್ತದೆ.

ಯಾವ ಗುಂಡು ಅನ್ನುವುದಕ್ಕೆ ಉತ್ತರವನ್ನು ನಳಿಗೆಯೇ ಹೇಳಬೇಕು. ಒಂದೇ ಕಂಪನಿಯ ಎರಡು ರೈಫಲ್ ಪಕ್ಕಪಕ್ಕ ಇಟ್ಟರೂ ಒಂದಕ್ಕೆ ಹಿಡಿಸಿದ್ದು ಇನ್ನೊಂದಕ್ಕೆ ಹಿಡಿಸುವುದಿಲ್ಲ. ಮೊದಲು ಬೇರೆ ಬೇರೆ ತರದ ಒಂದೊಂದು ಡಬ್ಬಿ ತನ್ನಿ. 50 ಗಜದಲ್ಲಿ ರೈಫಲನ್ನು ಮರಳಿನ ಚೀಲದ ಮೇಲೆ ಊರಿ ಐದೈದು ಹೊಡೆದು ನೋಡಿ. ಗುಂಡು ಬದಲಾಯಿಸಿದಾಗ ಮೊದಲಿನ ಕೆಲವು ಈಡು ಅಡ್ಡಾದಿಡ್ಡಿ ಹೋಗುತ್ತವೆ, ಹಳೆಯ ಮೇಣ ಹೋಗಿ ಹೊಸದು ನಳಿಗೆಗೆ ಕೂರಬೇಕು, ಅಷ್ಟಕ್ಕೇ ಗುಂಡು ಕೆಟ್ಟದ್ದು ಅಂತ ತೀರ್ಮಾನ ಮಾಡಬೇಡಿ. ವೇಗ ಜಾಸ್ತಿ ಇರುವುದೇ ಒಳ್ಳೆಯದು ಅಂತ ಹೊಸಬರು ತಿಳಿದುಕೊಳ್ಳುತ್ತಾರೆ. ಟಾರ್ಗೆಟ್ಟಿಗೆ ಹಾಗಲ್ಲ. ಸೆಕೆಂಡಿಗೆ 1,070 ಅಡಿಯ ಆಸುಪಾಸಿನ ಸ್ಟ್ಯಾಂಡರ್ಡ್ ಗುಂಡು ಶಬ್ದದ ವೇಗಕ್ಕಿಂತ ಕೆಳಗೇ ಹೋಗುತ್ತದೆ. ಹೈ ವೆಲಾಸಿಟಿಯದು ಆ ಗಡಿಯ ಮೇಲಿಂದ ಹೊರಟು ದಾರಿಯಲ್ಲಿ ಕೆಳಗೆ ಇಳಿಯುವಾಗ ಸ್ವಲ್ಪ ಅಲುಗುತ್ತದೆ. ನನ್ನ ಬೋಲ್ಟ್ ರೈಫಲಿಗೆ ಸಿಸಿಐ ಕಂಪನಿಯ ಸ್ಟ್ಯಾಂಡರ್ಡ್ ಗುಂಡು ಹೊಂದಿಕೊಂಡಿತು, ಒಂದು ಇಂಚಿನೊಳಗೆ ಐದೂ ತೂತು ಬಿತ್ತು. ಸರಿ ಹೊಂದಿದ್ದು ಸಿಕ್ಕಿತಾ, ಡಬ್ಬಿಯ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ನೋಡಿ ಅದೇ ಲಾಟಿನದನ್ನು ಒಂದು ಕಟ್ಟು ತೆಗೆದಿಡಿ.

ಒಹಾಯೊದಲ್ಲಿ ನನಗೆ ನಿಜವಾಗಿ ಹೊಟ್ಟೆಕಿಚ್ಚು ಆಗುವುದು ಅಂಗಡಿ ನೋಡಿ ಅಲ್ಲ, ರೇಂಜ್ ನೋಡಿ. ರಾಜ್ಯ ಸರ್ಕಾರವೇ ನಡೆಸುವ ರೇಂಜುಗಳಿವೆ. ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ಗುರಿ ಸ್ಪರ್ಧೆ ನಡೆದು ಬಂದಿದೆ, ಅಲ್ಲಿ ಸಾಧಾರಣ .22 ರೈಫಲ್ ಹಿಡಿದು ಬರುವವರಿಗೇ ಒಂದು ಪಂದ್ಯ ಇದೆ. ಅಜ್ಜ, ಮೊಮ್ಮಗಳು ಒಂದೇ ಸಾಲಿನಲ್ಲಿ ಮಲಗಿ ಹೊಡೆಯುತ್ತಾರೆ. ರೇಂಜ್ ಅಧಿಕಾರಿ ನಿಲ್ಲಿಸಿ ಅಂದ ಕೂಡಲೇ ಎಲ್ಲರ ಬೋಲ್ಟೂ ತೆರೆದಿರುತ್ತದೆ. ಆ ಅಭ್ಯಾಸ ಒಂದು ದಿನದ ತರಬೇತಿಯಲ್ಲಿ ಬರುವುದಿಲ್ಲ. ನಮ್ಮ ಊರಲ್ಲೂ 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ ಲೈಸೆನ್ಸ್ ಕೇಳುವವರಿಗೆ ಸುರಕ್ಷತೆಯ ತರಬೇತಿ ಇದೆ. ಆಮೇಲೆ? ಲೈಸೆನ್ಸ್ ಬಂದ ಮೇಲೆ ಅಭ್ಯಾಸ ಮಾಡುವ ಜಾಗ ಇಲ್ಲದಿದ್ದರೆ ಹೇಗೆ? ತೋಟೆ ಮುಗಿದೀತು ಅಂತ ವರ್ಷಾನುಗಟ್ಟಲೆ ಗುರಿ ಹಿಡಿಯದ ಕೈ, ರಾತ್ರಿ ಹೊತ್ತು ಹಂದಿ ಬಂತು ಅಂತ ನಿದ್ದೆಗಣ್ಣಿನಲ್ಲಿ ಕೋವಿ ಎತ್ತುವುದು ಒಳ್ಳೆಯದಲ್ಲ, ಅಲ್ವಾ?

ನನ್ನ ಅಕ್ಕನ ಮಗ ಮಂಗಳೂರಿನಲ್ಲಿ ಓದುತ್ತಾನೆ, ಎನ್‌ಸಿಸಿಯಲ್ಲಿ ಇದ್ದಾನೆ. ಮೊನ್ನೆ ಮಾತಾಡುವಾಗ, "ಮಾವ, ನೀವು ಒಂದು ಭಾನುವಾರ ಹೊಡೆಯುವಷ್ಟು ಗುಂಡು ನಮಗೆ ಮೂರು ವರ್ಷಕ್ಕೂ ಸಿಗ್ಲಿಕ್ಕಿಲ್ಲ" ಅಂದ. ದೂರಿನ ಸ್ವರ ಅಲ್ಲ, ಆಸೆಯ ಸ್ವರ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರೀ ಪೊಸಿಷನ್ಸಿನಲ್ಲಿ ಕಂಚು ಗೆದ್ದದ್ದು ಇದೇ .22 ಗುಂಡಿನಲ್ಲಿ. ಆ ಪಂದ್ಯವನ್ನು ಇವನು ಎಷ್ಟು ಸಲ ನೋಡಿದ್ದಾನೋ. ಸದ್ಯಕ್ಕೆ ಏರ್ ರೈಫಲ್ ತೆಗೆದುಕೋ ಅಂದಿದ್ದೇನೆ. .177 ಬೋರು, 20 ಜೂಲಿಗಿಂತ ಕಮ್ಮಿ ಶಕ್ತಿಯದಾದರೆ ಲೈಸೆನ್ಸ್ ಬೇಡ. ಉಸಿರು, ಬೆರಳು, ಕಣ್ಣು ಮೂರೂ ಅದರಲ್ಲೇ ಪಳಗುತ್ತವೆ.

ಊರಿಗೆ ಬರುವವರು ಇದನ್ನು ಮರೆಯಬೇಡಿ. .22 ಗುಂಡು ಕಿರುಬೆರಳಿಗಿಂತ ಸಣ್ಣದು, ಜಾಕೆಟ್ಟಿನ ಜೇಬಿನ ಮೂಲೆಯಲ್ಲಿ, ಚೀಲದ ಹೊಲಿಗೆಯಲ್ಲಿ ಕೂತುಬಿಡುತ್ತದೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವ ಚೀಲದಲ್ಲಿ ಒಂದೇ ಒಂದು ಜೀವಂತ ಗುಂಡು ಸಿಕ್ಕಿದರೂ ಪೊಲೀಸ್ ಕೇಸು. ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ತರಲೇಬೇಡಿ. ಹುಡುಗರಿಗೆ ತೋರಿಸಲಿಕ್ಕೆ ಅಂತ ಖಾಲಿ ಕೇಸನ್ನೂ ತರಬೇಡಿ.

ನಮ್ಮ ಕಡೆ ಬೇಕಾಗಿರುವುದು ಅಮೆರಿಕದ ಅಂಗಡಿಯಲ್ಲ. ಅದು ನಮಗೆ ಬೇಡ, ಡಬ್ಬಿಗಟ್ಟಲೆ ಗುಂಡು ಮನೆಮನೆಗೆ ಹೋಗುವುದು ನನಗೂ ಇಷ್ಟ ಇಲ್ಲ. ಉಡುಪಿ, ಮಂಗಳೂರಿನ ನಡುವೆ ಎಲ್ಲಾದರೂ, ಕಾರ್ಕಳದ ಕಡೆ ಹಳೆಯ ಕಲ್ಲುಕೋರೆಯ ಹಾಗೆ ಹಿಂದೆ ಎತ್ತರದ ಗೋಡೆ ಇರುವ ಜಾಗ ನೋಡಿ, ಲೈಸೆನ್ಸ್ ಇರುವವರು ಮತ್ತು ಕಾಲೇಜು ಹುಡುಗ ಹುಡುಗಿಯರು ಬಂದು ಹೊಡೆಯುವ ಒಂದು .22 ರೇಂಜ್ ಬೇಕು. ಗುಂಡು ಅಲ್ಲೇ ಕೊಡಲಿ, ಅಲ್ಲೇ ಖರ್ಚಾಗಲಿ, ಖಾಲಿ ಕೇಸ್ ಎಣಿಸಿಕೊಂಡೇ ಹೊರಗೆ ಬಿಡಲಿ. ಕಾನೂನಿನಲ್ಲಿ ದಾರಿ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ಕಾಯುವ ಕೋವಿಯ ಮಾತು ಬರುವ 13ನೇ ಕಲಮಿನಲ್ಲೇ ರೈಫಲ್ ಕ್ಲಬ್ಬಿನ ಸದಸ್ಯರ ಗುರಿ ಅಭ್ಯಾಸದ ಮಾತೂ ಇದೆ. ತೋಟ ಇರುವವರು, ಎನ್‌ಸಿಸಿ ನಡೆಸುವ ಮೇಷ್ಟ್ರುಗಳು, ನಿವೃತ್ತ ಸೈನಿಕರು ಸೇರಿ ಒಂದು ಕ್ಲಬ್ ಕಟ್ಟಿ ಅರ್ಜಿ ಕೊಡುವುದಾದರೆ ನನಗೆ ತಿಳಿಸಿ. ಕಿವಿಗೆ ಹಾಕುವ ಮಫ್, ಕಣ್ಣಿನ ಕನ್ನಡಕ, ಟಾರ್ಗೆಟ್ ಕಾಗದ, ಇವಿಷ್ಟರ ಖರ್ಚು ನನ್ನದು.