ಎಲ್ಲರಿಗೂ ಒಂದೇ ದರ: 25,000 ರೂಪಾಯಿ

ನಮ್ಮ ಸರ್ಕಾರಗಳು ಉಳ್ಳವರಿಗೊಂದು, ಇಲ್ಲದವರಿಗೊಂದು ನ್ಯಾಯ ಮಾಡುತ್ತವೆಂದು ದೂರುವವರು ಒಮ್ಮೆ ಭೋಪಾಲದ ಕಡತಗಳನ್ನು ತೆರೆದು ನೋಡಬೇಕು. ಅಲ್ಲಿ ಕೊಂದವರಿಗೂ ಕೆಮ್ಮಿದವರಿಗೂ ದರ ಒಂದೇ.

1984ರ ಡಿಸೆಂಬರ್ 2ರ ನಡುರಾತ್ರಿ ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿಯ ಕೀಟನಾಶಕ ಕಾರ್ಖಾನೆಯ ತೊಟ್ಟಿಯಿಂದ ಮೀಥೈಲ್ ಐಸೋಸಯನೇಟ್ ಎಂಬ ವಿಷಾನಿಲ ನುಗ್ಗಿ ಬಂದಾಗ, ಗೋಡೆಯಾಚೆಯ ಗುಡಿಸಲುಗಳಲ್ಲಿ ಮಲಗಿದ್ದವರು ಯಾರೋ ಒಣಮೆಣಸಿನಕಾಯಿ ಸುಡುತ್ತಿದ್ದಾರೆಂದು ಕಣ್ಣುಜ್ಜುತ್ತ ಎದ್ದರು. ಸಾವಿರಾರು ಮಂದಿ ಮತ್ತೆ ಮನೆಗೆ ಮರಳಲಿಲ್ಲ. ತೊಟ್ಟಿಯನ್ನು ತಂಪಾಗಿಡಬೇಕಿದ್ದ ಯಂತ್ರವನ್ನು ಕಂಪನಿ ತಿಂಗಳುಗಳ ಹಿಂದೆಯೇ ನಿಲ್ಲಿಸಿತ್ತು, ಸೋರಿದ ಅನಿಲವನ್ನು ಸುಡಬೇಕಿದ್ದ ಕೊಳವೆ ರಿಪೇರಿಗೆಂದು ಕಳಚಿಕೊಂಡು ಕೂತಿತ್ತು. ಮಿತವ್ಯಯವೆಂದರೆ ಇದು.

ಡಿಸೆಂಬರ್ 7ರಂದು ಕಂಪನಿಯ ಅಧ್ಯಕ್ಷ ವಾರನ್ ಆಂಡರ್ಸನ್ ಭೋಪಾಲಕ್ಕೆ ಬಂದಿಳಿದರು. ಪೊಲೀಸರು ಬಂಧಿಸಿ, ಕಂಪನಿಯದೇ ಅತಿಥಿಗೃಹದಲ್ಲಿ ಕೂರಿಸಿ, ಅದೇ ದಿನ 25,000 ರೂಪಾಯಿ ಜಾಮೀನಿನ ಮೇಲೆ ಬಿಟ್ಟು, ರಾಜ್ಯ ಸರ್ಕಾರದ ವಿಮಾನದಲ್ಲೇ ದೆಹಲಿಗೆ ಕಳುಹಿಸಿಕೊಟ್ಟರು. ಮನೆ ಅಳಿಯನನ್ನೂ ನಾವು ಬಸ್ ನಿಲ್ದಾಣದವರೆಗಷ್ಟೇ ಬೀಳ್ಕೊಡುತ್ತೇವೆ. ಕರೆದಾಗ ಬರುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟಿದ್ದ ಮಹಾನುಭಾವರು 2014ರಲ್ಲಿ ಫ್ಲಾರಿಡಾದಲ್ಲಿ ಕಣ್ಣುಮುಚ್ಚುವವರೆಗೂ ಇತ್ತ ತಲೆಹಾಕಲಿಲ್ಲ.

ಅಷ್ಟರಲ್ಲಿ ಸರ್ಕಾರ 1985ರಲ್ಲಿ ಕಾನೂನು ಮಾಡಿ, ಸಂತ್ರಸ್ತರ ಪರವಾಗಿ ವಾದಿಸುವ ಹಕ್ಕು ತನ್ನೊಬ್ಬನದೇ ಎಂದು ಘೋಷಿಸಿಕೊಂಡಿತು. ತಂದೆಯ ಸ್ಥಾನದಲ್ಲಿ ನಿಂತು ಕೇಳಿದ್ದು 330 ಕೋಟಿ ಡಾಲರ್. 1989ರಲ್ಲಿ ಕೈಕುಲುಕಿ ಒಪ್ಪಿಕೊಂಡದ್ದು 47 ಕೋಟಿ ಡಾಲರ್. ಸಂತೆಯಲ್ಲಿ ಬೆಲೆ ಇಳಿಸೆಂದು ಜಗ್ಗಾಡುವವನು ಕೊಳ್ಳುವವನು, ಜಗ್ಗದೆ ಕೂರುವವನು ಮಾರುವವನು ಎಂಬುದು ಸೊಪ್ಪು ಮಾರುವ ಅಜ್ಜಿಗೂ ಗೊತ್ತಿರುವ ವ್ಯವಹಾರ. ಪಾಪ, ಸರ್ಕಾರಕ್ಕೆ ಸಂತೆಯ ರೂಢಿಯಿಲ್ಲ.

ಆ ಹಣ ಹಂಚುವ ಹೊತ್ತಿಗೆ ಅನಿಲ ಕುಡಿದವರ ಲೆಕ್ಕ 5 ಲಕ್ಷ ದಾಟಿತ್ತು. ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ರೇಷನ್ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು, ತಾನು ಆ ರಾತ್ರಿ ಆ ಊರಿನಲ್ಲೇ ಉಸಿರಾಡಿದ್ದೆನೆಂದು ಗುಮಾಸ್ತರ ಮುಂದೆ ರುಜುವಾತು ಮಾಡಿದವರಲ್ಲಿ ಬಹುಪಾಲು ಮಂದಿಗೆ ಮಂಜೂರಾದ ಮೊತ್ತವೂ 25,000 ರೂಪಾಯಿಯೇ. ಅದರಲ್ಲೂ ಮಧ್ಯಂತರ ಪರಿಹಾರವೆಂದು ತಿಂಗಳಿಗೆ 200 ರೂಪಾಯಿಯಂತೆ ಮೊದಲೇ ಕೊಟ್ಟದ್ದನ್ನು ಮರೆಯದೆ ಕಳೆಯಲಾಯಿತು. ಖಜಾನೆ ಸೋರಬಾರದು ನೋಡಿ, ತೊಟ್ಟಿ ಸೋರಿದರೆ ಸೋರಲಿ. 2004ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ಅಷ್ಟೇ ಮೊತ್ತದ ಇನ್ನೊಂದು ಕಂತು ಸಿಕ್ಕಿತು. ಆಗಲೂ ದರಪಟ್ಟಿ ಬದಲಾಗಲಿಲ್ಲ.

2010ರ ಜೂನ್ 7ರಂದು, ಇಪ್ಪತ್ತೈದು ವರ್ಷ ದಾಟಿದ ಮೇಲೆ, ಕಂಪನಿಯ ಭಾರತೀಯ ಶಾಖೆಯ ಏಳು ಮಂದಿಗೆ ಎರಡು ವರ್ಷ ಜೈಲು, ತಲಾ ಒಂದು ಲಕ್ಷ ದಂಡ ವಿಧಿಸಲಾಯಿತು. ಅದೇ ದಿನ ಜಾಮೀನೂ ಸಿಕ್ಕಿತು. ಎಷ್ಟಕ್ಕೆಂದು ಕೇಳುತ್ತೀರಾ? ಇಷ್ಟು ಓದಿದ ಮೇಲೂ ಕೇಳಬೇಕೆ?

ಕಾರ್ಖಾನೆಯೊಳಗಿನ ವಿಷತ್ಯಾಜ್ಯ ಮಾತ್ರ ಅಲ್ಲೇ ಉಳಿದಿತ್ತು. 2009ರಲ್ಲಿ ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಬಂದು, ಅದನ್ನು ಕೈಯಲ್ಲಿ ಹಿಡಿದು, ತಾನಿನ್ನೂ ಬದುಕಿದ್ದೇನೆ, ಕೆಮ್ಮುತ್ತಿಲ್ಲ ಎಂದು ಹೇಳಿ ಹೋದರು. ಸಚಿವರಿಗೆ ಕೆಮ್ಮು ಬಾರದಿದ್ದರೂ 2025ರ ಜನವರಿಯಲ್ಲಿ ಆ 337 ಟನ್ ತ್ಯಾಜ್ಯವನ್ನು 12 ಮುಚ್ಚಿದ ಕಂಟೇನರುಗಳಲ್ಲಿ ತುಂಬಿ, ರಾತ್ರೋರಾತ್ರಿ ರಸ್ತೆ ತೆರವು ಮಾಡಿಸಿ, ಪೊಲೀಸ್ ಕಾವಲಿನಲ್ಲಿ ಸುಡಲೆಂದು ಅದೇ ರಾಜ್ಯದ ಕೈಗಾರಿಕಾ ಪಟ್ಟಣ ಪೀತಂಪುರಕ್ಕೆ ಸಾಗಿಸಬೇಕಾಯಿತು. ವಿಲೇವಾರಿಗೆ ಕೇಂದ್ರ ಕೊಟ್ಟದ್ದು 126 ಕೋಟಿ ರೂಪಾಯಿ, ಎಂದರೆ ಕಿಲೋಗೆ ಸುಮಾರು 3,700. ಭೋಪಾಲದ ಒಬ್ಬ ರೋಗಿಗೆ ಸಿಕ್ಕ ಎರಡೂ ಕಂತುಗಳನ್ನು ಕೂಡಿಸಿದರೂ ಹದಿನಾಲ್ಕು ಕಿಲೋ ಸುಡಲು ಸಾಲದು.

ಲಾರಿಗಳು ಬಂದು ನಿಂತ ಮರುದಿನವೇ ಪೀತಂಪುರದ ಜನ ಬೀದಿಗಿಳಿದರು. ದರ ಎಷ್ಟೆಂಬುದು ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ.