ಮಣ್ಣು, ನೀರು ಉಳಿಸಿದರೆ ಹಳ್ಳಿಯ ಬಡತನ ನೀಗೀತೇ?

ಪರ: ಮೊದಲು ಹೊಲದ ನೀರು ಹೊಲದಲ್ಲಿ ನಿಲ್ಲಲಿ

ಬಡತನ ನೀಗಿಸಲು ಇಟ್ಟ ಹಣ ಮೊದಲು ಮಣ್ಣು, ನೀರು ಉಳಿಸುವ ಕೆಲಸಕ್ಕೆ ಹೋಗಬೇಕು. ಒಂದು ಹೆಕ್ಟೇರ್ ಹೊಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 10,000 ಲೀಟರ್ ನೀರು. 30 ಮಿ.ಮೀ. ಸುರಿದರೆ 3 ಲಕ್ಷ ಲೀಟರ್. ಬೋಳು ಇಳಿಜಾರಿನಲ್ಲಿ ಇದರ ದೊಡ್ಡ ಪಾಲು ಹಳ್ಳ ಸೇರುತ್ತದೆ, ಹೋಗುವಾಗ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಒಂದೇ ಮಿ.ಮೀ. ದಪ್ಪದ ಪದರ ಹೋದರೂ ಹೆಕ್ಟೇರಿಗೆ ಸುಮಾರು 13 ಟನ್ ಮಣ್ಣು ಹೋದಂತೆ. ಸಾವಯವ ಇಂಗಾಲ, ಸಾರಜನಕ ಹೆಚ್ಚಾಗಿ ಇರುವುದು ಮೇಲ್ಮಣ್ಣಿನಲ್ಲೇ.

ಮಳೆಯನ್ನೇ ನಂಬಿದ ಕುಟುಂಬ ಬಡತನಕ್ಕೆ ಜಾರುವುದು ಹೀಗೆ: ಎರಡು ಮಳೆಗಳ ನಡುವೆ ಮೂರು ವಾರ ಬಿಡುವು ಬಿದ್ದರೆ ಪೈರು ಬಾಡುತ್ತದೆ, ಬೀಜಕ್ಕೆ ಮಾಡಿದ ಸಾಲ ಹಾಗೇ ಉಳಿಯುತ್ತದೆ, ಮರುವರ್ಷ ಗೊಬ್ಬರಕ್ಕೆ ಕೈ ಬಿಚ್ಚಲು ಭಯವಾಗುತ್ತದೆ. ಒಳ್ಳೆಯ ವರ್ಷ ಎಷ್ಟು ಬೆಳೆದರು ಎಂಬುದಕ್ಕಿಂತ ಕೆಟ್ಟ ವರ್ಷ ಎಷ್ಟು ಕೈಗೆ ಬಂತು ಎಂಬುದೇ ಬಡವರ ಮಟ್ಟಿಗೆ ದೊಡ್ಡ ಲೆಕ್ಕ. ಮಣ್ಣಿನಲ್ಲಿ ತೇವ ಹಿಡಿದಿಡುವ ಕೆಲಸ ನೇರವಾಗಿ ಈ ಕೆಟ್ಟ ವರ್ಷಕ್ಕೆ ಆಸರೆ.

ಅದಕ್ಕೆ ಬೇಕಾದ ಸಾಧನ ದುಬಾರಿಯದ್ದಲ್ಲ. ಇಂಗ್ಲಿಷಿನ 'A' ಆಕಾರಕ್ಕೆ ಕಟ್ಟಿದ ಎರಡು ಮೀಟರಿನ ಎರಡು ಸಮ ಕೋಲು, ಅಡ್ಡಕ್ಕೊಂದು ಪಟ್ಟಿ, ಮೇಲ್ತುದಿಯಿಂದ ಇಳಿಬಿಟ್ಟ ದಾರಕ್ಕೊಂದು ಕಲ್ಲು. ಕಾಲುಗಳಿದ್ದ ಜಾಗಕ್ಕೆ ಗೂಟ ಹೊಡೆದು, ದಾರ ನಿಂತಲ್ಲಿ ಅಡ್ಡಪಟ್ಟಿಯ ಮೇಲೆ ಗುರುತು ಮಾಡಿ, ಕಾಲುಗಳನ್ನು ಅದಲುಬದಲು ಮಾಡಿ ಮತ್ತೊಂದು ಗುರುತು ಹಾಕಿದರೆ, ಎರಡರ ನಡುಬಿಂದುವೇ ಮಟ್ಟ. ದಾರ ಆ ನಡುಬಿಂದುವಿನಲ್ಲೇ ನಿಲ್ಲುವಂತೆ ಇದನ್ನು ಹಿಡಿದು ಹೊಲದುದ್ದ ನಡೆದರೆ ಸಮಪಾತಳಿ ಗೆರೆ, ಎಂದರೆ ಒಂದೇ ಎತ್ತರದ ಗೆರೆ, ಸಿಗುತ್ತದೆ. ಮಳೆ ಕಡಿಮೆ ಇರುವ ಹಗುರ ಮಣ್ಣಿನಲ್ಲಿ, ಶೇ. 2ರ ಇಳಿಜಾರಿಗೆ ಇಂಥ ಗೆರೆಯ ಮೇಲೆ ಸುಮಾರು 40 ಮೀಟರಿಗೊಂದು ಬದು ಸಾಕು.

ಕೆಡುವುದು ಸಾಮಾನ್ಯವಾಗಿ ಹೆಚ್ಚಿನ ನೀರು ಹೊರಹೋಗುವ ಕೋಡಿಯಲ್ಲಿ. ಕೋಡಿ ಬಿಡದೆ ಬದು ಹಾಕಿದರೆ, ದೊಡ್ಡ ಮಳೆಯ ದಿನ ನೀರು ತಗ್ಗಾದ ಜಾಗದಲ್ಲಿ ಉಕ್ಕಿ ಬದುವನ್ನು ಕಡಿಯುತ್ತದೆ. ಇಡೀ ಹೊಲದ ನೀರು ಆ ಒಂದೇ ಬಾಯಿಯಿಂದ ನುಗ್ಗಿ ಕೊರಕಲು ಬೀಳುತ್ತದೆ. ಬದುವಿನ ನೆತ್ತಿಗಿಂತ ಒಂದು ಗೇಣು ತಗ್ಗಾಗಿ, ಕಲ್ಲು ಹಾಸಿ ಕೋಡಿ ಕಟ್ಟಬೇಕು. ಮೊದಲ ಮಳೆಗೇ ಬದುವಿನ ಮೇಲೆ ಲಾವಂಚದ ಸಸಿಗಳನ್ನು 10ರಿಂದ 15 ಸೆಂ.ಮೀ.ಗೊಂದರಂತೆ ನಾಟಬೇಕು, ಇಲ್ಲವಾದರೆ ಎರಡು ಮಳೆಗಾಲದಲ್ಲಿ ಬದು ಸವೆದು ನೆಲ ಸೇರುತ್ತದೆ. ಎರೆಮಣ್ಣಿನ ಮಾತು ಬೇರೆ. ಅಲ್ಲಿ ನೀರು ಇಂಗುವುದು ತಡ. ಸಮಪಾತಳಿ ಬದುವಿನ ಮೇಲ್ಭಾಗದಲ್ಲಿ ನೀರು ನಿಂತು ಬೇರು ಉಸಿರುಗಟ್ಟಿ ಬೆಳೆ ಹಳದಿಯಾಗುತ್ತದೆ. ಹಾಗಾಗಿ ಅಲ್ಲಿ ನೀರನ್ನು ಮೆಲ್ಲಗೆ ಹೊರಗೆ ಸಾಗಿಸುವ ಇಳಿಜಾರು ಬದುವೇ ಸರಿ.

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದ ಗಡುಸು ನೆಲದಲ್ಲಿ ಯಾಕುಬಾ ಸವಾಡೊಗೊ ಎಂಬ ರೈತ ಹಳೆಯ 'ಜಾಯಿ' ಗುಂಡಿಗಳನ್ನು ಸುಧಾರಿಸಿ ಬೆಳೆ ತೆಗೆದರು: ಬೇಸಿಗೆಯಲ್ಲೇ 20–30 ಸೆಂ.ಮೀ. ಅಗಲ, 15–20 ಸೆಂ.ಮೀ. ಆಳದ ಗುಂಡಿ, ಅದಕ್ಕೆ ಒಂದೆರಡು ಬೊಗಸೆ ಗೊಬ್ಬರ. ಗೊಬ್ಬರಕ್ಕೆ ಬಂದ ಗೆದ್ದಲು ತಳದಲ್ಲಿ ಸುರಂಗ ಕೊರೆಯುತ್ತದೆ, ಮಳೆನೀರು ಅದರಲ್ಲೇ ಇಳಿಯುತ್ತದೆ. ನೆರೆಯ ನೈಜರ್ ದೇಶದಲ್ಲಿ ರೈತರು ಹೊಸ ಸಸಿ ನೆಡಲಿಲ್ಲ. ಹೊಲದಲ್ಲಿ ಉಳಿದಿದ್ದ ಬೊಡ್ಡೆಗಳ ಚಿಗುರಿನಲ್ಲಿ ಕೆಲವನ್ನಷ್ಟೇ ಬಿಟ್ಟು ಉಳಿದವನ್ನು ಸವರುತ್ತ ಬಂದರು. 1980ರ ದಶಕದಿಂದ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಹೀಗೆ ಮರಗಳು ಮರಳಿ ಎದ್ದಿವೆ. ಸೌದೆ, ಮೇವು, ಗಾಳಿಗೆ ತಡೆ ಎಲ್ಲವೂ ಹೊಲದಲ್ಲೇ. ಚೀನಾದ ಲೋಯಸ್ ಪ್ರಸ್ಥಭೂಮಿಯಲ್ಲಿ ಇಳಿಜಾರಿಗೆ ಮೆಟ್ಟಿಲುಗದ್ದೆ ಕಟ್ಟಿ ಮಣ್ಣು ಉಳಿಸಲು 1994ರಿಂದ 2005ರವರೆಗೆ ನಡೆದ ಯೋಜನೆ 25 ಲಕ್ಷಕ್ಕೂ ಹೆಚ್ಚು ಜನರನ್ನು ಬಡತನದಿಂದ ಮೇಲೆತ್ತಿತು ಎಂಬುದು ವಿಶ್ವಬ್ಯಾಂಕಿನ ಲೆಕ್ಕ. ಹೊಲ ಸತ್ತ ಮೇಲೆ ಮಾರುಕಟ್ಟೆ, ಸಾಲ, ವಿಮೆ ಎಂದು ಏನು ಕೊಟ್ಟರೂ ಅದು ಊರಬೇಕಾದ ನೆಲವೇ ಇರುವುದಿಲ್ಲ.

ವಿರೋಧ: ಬದು ಹೊಲವಿದ್ದವರಿಗೆ, ಬಡತನ ಹೊಲವಿಲ್ಲದವರಿಗೆ

ಬದು ಬೇಕು, ತೇವ ಬೇಕು, ಒಪ್ಪೋಣ. ಬಡತನ ನೀಗಿಸಲು ಇಟ್ಟ ಹಣ ಮೊದಲು ಅಲ್ಲಿಗೇ ಹೋಗಬೇಕು ಎಂಬುದನ್ನು ಮಾತ್ರ ಒಪ್ಪಲಾಗದು.

ಅರ್ಧ ಹೆಕ್ಟೇರ್ ಇರುವ ಕುಟುಂಬದ ಲೆಕ್ಕ ಹಾಕಿ. ಹೆಕ್ಟೇರಿಗೆ ಒಂದು ಟನ್ ಕಾಳು ಬರುತ್ತಿದ್ದ ಕಡೆ ಒಂದೂವರೆ ಟನ್ ಬಂತು ಎನ್ನೋಣ, ಇದು ಸಣ್ಣ ಗೆಲುವಲ್ಲ. ಆದರೆ ಮನೆಗೆ ಹೆಚ್ಚಿಗೆ ಬಂದದ್ದು 250 ಕಿಲೊ, ಇಬ್ಬರ ವರ್ಷದ ಊಟಕ್ಕಿಂತ ಕಡಿಮೆ. ಹಸಿವು ತಗ್ಗುತ್ತದೆ. ಆಸ್ಪತ್ರೆಯ ಸಾಲ ತೀರುವುದಿಲ್ಲ.

ಮಣ್ಣು ಉಳಿಸಲು ಕೊಟ್ಟಿಗೆ ಗೊಬ್ಬರವನ್ನೇ ನಂಬಿದರೆ ಲೆಕ್ಕ ಇನ್ನೂ ಬಿಗಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5. ಹೆಕ್ಟೇರಿಗೆ ಹತ್ತು ಟನ್ ಹಾಕಿದರೆ 50 ಕಿಲೊ, ಅದರಲ್ಲಿ ಮೊದಲ ಬೆಳೆಗೆ ದಕ್ಕುವುದು ಅರ್ಧಕ್ಕಿಂತ ಕಡಿಮೆ. ಒಂದು ಹಸುವಿನ ವರ್ಷದ ಹಸಿ ಸಗಣಿ ನಾಲ್ಕು ಟನ್ ಆಸುಪಾಸು, ಕೊಳೆತು ಒಣಗಿದ ಮೇಲೆ ಅರ್ಧವೂ ಉಳಿಯದು. ಒಂದು ಹೆಕ್ಟೇರಿಗೆ ಐದಕ್ಕಿಂತ ಹೆಚ್ಚು ಹಸು ಬೇಕಾಯಿತು, ಅವುಗಳ ಮೇವಿಗೆ ಮತ್ತೆ ನೆಲ ಬೇಕಾಯಿತು. ಇದು ಹೊಂದದೆ ಕೊಳೆಸದ ಒಣ ಹುಲ್ಲನ್ನೇ ಮಣ್ಣಿಗೆ ಸೇರಿಸಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನು ತಾವೇ ಹಿಡಿದಿಟ್ಟುಕೊಂಡು ಎಳೆ ಪೈರು ವಾರಗಟ್ಟಲೆ ಬಿಳಿಚಿಕೊಳ್ಳುತ್ತದೆ. ಶ್ರೀಲಂಕಾ 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿ, ಬೆಳೆ ಕುಸಿಯುವ ಭಯ, ರೈತರ ಪ್ರತಿಭಟನೆ ಎದುರಾಗಿ ನವೆಂಬರಿನಲ್ಲಿ ಆ ನಿಷೇಧವನ್ನು ಹಿಂತೆಗೆದುಕೊಂಡಿತು. ಪೆಟ್ಟು ತಿಂದವರು ಸಣ್ಣ ರೈತರು.

ಇಷ್ಟಕ್ಕೂ ಹಳ್ಳಿಯಲ್ಲಿ ಅತಿ ಬಡವರು ಯಾರು? ಹೊಲವಿಲ್ಲದ ಕೂಲಿಯವರು, ಗುತ್ತಿಗೆಗೆ ಉಳುವವರು, ನಾಲ್ಕು ಆಡು ಸಾಕಿಕೊಂಡವರು. ಕೂಲಿಯವರಿಗೆ ಬದುವಿನಿಂದ ಸಿಗುವುದು ಒಂದು ಬೇಸಿಗೆಯ ಕೆಲಸ. ವರ್ಷದ ಗುತ್ತಿಗೆಗೆ ಉಳುವವರು ಮೂರು ವರ್ಷಕ್ಕೆ ಫಲ ಕೊಡುವ ಬದುವಿಗೆ ಬೆವರು ಸುರಿಸಲಾರರು. ಸುರಿಸಿದರೆ ಹೊಲ ಸುಧಾರಿಸಿತೆಂದು ಗುತ್ತಿಗೆ ಏರುತ್ತದೆ. ಮೇಲಿನ ಗುಡ್ಡ ಹಸಿರಾಗಲೆಂದು ಮೇಯಿಸುವುದನ್ನು ನಿಲ್ಲಿಸಿದ ದಿನವೇ ಆಡಿನವರು ಆಡು ಮಾರುತ್ತಾರೆ. ಗುಡ್ಡದಲ್ಲಿ ಇಂಗಿದ ನೀರು ಮೇಲೆ ಬರುವುದು ತಗ್ಗಿನ ಬಾವಿಗಳಲ್ಲಿ, ಬಾವಿ ಇರುವುದು ಉಳ್ಳವರದ್ದು.

ಜಾಯಿ ಗುಂಡಿಗಳ ಫಲ ನಿಜ. ಆದರೆ ಒಂದು ಹೆಕ್ಟೇರಿಗೆ ಅಂಥವು ಹತ್ತು ಸಾವಿರದ ಮೇಲೆ ಬೇಕು, ಗಡುಸು ನೆಲದಲ್ಲಿ ಸುಮಾರು 300 ಗಂಟೆಗಳ ಅಗೆತ. ಆ ಬೇಸಿಗೆಯ ಹೊಟ್ಟೆಪಾಡಿಗೆ ಕಾಳು ಕೂಡಿಟ್ಟವರಷ್ಟೇ ಅದನ್ನು ಮಾಡಬಲ್ಲರು. ನೈಜರ್‌ನ ರೈತರು ಚಿಗುರು ಕಾದದ್ದು, ಸರ್ಕಾರದ ಸೊತ್ತೆನಿಸಿದ್ದ ಮರ ತಮ್ಮದು ಎಂಬ ಧೈರ್ಯ ಬಂದ ಮೇಲೆ. ಲೋಯಸ್‌ನಲ್ಲಿ 1999ರಿಂದ ಇಳಿಜಾರಿನ ಬೇಸಾಯ ಬಿಟ್ಟವರಿಗೆ ಸರ್ಕಾರ ಧಾನ್ಯ, ಹಣ ಎರಡನ್ನೂ ಕೊಟ್ಟಿತು, ಜೊತೆಗೆ ನಗರದ ಕೂಲಿ ಮನೆಗೆ ಬರುತ್ತಿತ್ತು. ಮೇಲೆತ್ತಿದ್ದರಲ್ಲಿ ಮೆಟ್ಟಿಲುಗದ್ದೆಯ ಪಾಲೆಷ್ಟು, ಇವುಗಳ ಪಾಲೆಷ್ಟು ಎಂದು ಬಿಡಿಸದೆ ಪೂರ್ತಿ ಶ್ರೇಯ ಮಣ್ಣಿಗೆ ಕೊಡುವುದು ಸರಿಯಲ್ಲ.

ಹರಿಯಾಣದ ಸುಖೋಮಾಜ್ರಿ ಎಂಬ ಹಳ್ಳಿಯಲ್ಲಿ ಜನ ದನ, ಆಡು ಬಿಡದೆ ಗುಡ್ಡ ಕಾಯಲು ಒಪ್ಪಿದ್ದು, ಕೆರೆಯ ನೀರಿನಲ್ಲಿ ಹೊಲವಿಲ್ಲದ ಮನೆಗೂ ಪಾಲು ಸಿಕ್ಕಿದಾಗ. ಹಾಗಾಗಿ ಹಾರೆ ಎತ್ತುವ ಮೊದಲು ಆಗಬೇಕಾದ ಕೆಲಸ ಮೂರು: ಗುತ್ತಿಗೆಯನ್ನು ಕನಿಷ್ಠ ಐದು ವರ್ಷಕ್ಕೆ ಬರೆಸಿಕೊಡುವುದು, ಗುಡ್ಡದಲ್ಲಿ ಮೇಯಿಸುವುದು ನಿಂತ ಅವಧಿಗೆ ಆಡಿನವರಿಗೆ ಬದಲಿ ಮೇವು ಒದಗಿಸುವುದು, ಇಂಗಿಸಿದ ನೀರಿನಲ್ಲಿ ಯಾರಿಗೆ ಎಷ್ಟು ಪಾಲೆಂದು ಊರ ಸಭೆಯಲ್ಲಿ ಬರೆದಿಡುವುದು. ನೀರು ಬಂದ ಮೇಲೆ ಪಾಲು ಕೇಳಹೋದರೆ, ಬಾವಿಯಿದ್ದವರು ಬಿಟ್ಟುಕೊಡುವುದಿಲ್ಲ.