ಎರಡೂವರೆ ಅಂಗುಲದ ಶೌರ್ಯ

ನಮ್ಮ ಬೀದಿಯ ತುದಿಯಲ್ಲಿ ಏಳು ನಾಯಿಗಳಿವೆ. ಹಗಲು ಹೊತ್ತಿನಲ್ಲಿ ಬಿಸ್ಕತ್ತಿಗೆ ಬಾಲ ಆಡಿಸುವ ಇವು, ರಾತ್ರಿ ಹತ್ತು ದಾಟಿತೆಂದರೆ ಆಧಾರ್ ಕಾರ್ಡ್ ತೋರಿಸಿದರೂ ಒಳಗೆ ಬಿಡುವುದಿಲ್ಲ. ಅದು ಸಾಲದೆಂಬಂತೆ ಪಕ್ಕದ ರಸ್ತೆಯಲ್ಲಿ ಯಾರದೋ ಸರ ಕಿತ್ತುಕೊಂಡು ಹೋದ ಸುದ್ದಿ ಬಂತು. ನನ್ನ ಕೊರಳಲ್ಲಿ ಕಿತ್ತುಕೊಳ್ಳುವಂಥದ್ದು ಕಚೇರಿಯ ಗುರುತಿನ ಚೀಟಿ ಒಂದೇ. ಆದರೂ ತಡವಾಗಿ ಮನೆ ಸೇರುವ ಗಂಡಸಿನ ಜೇಬಿನಲ್ಲಿ ಒಂದು ಚಾಕು ಇರಬೇಕೆಂದು ತಲೆಗೆ ಹೊಕ್ಕಿತು.

"ಕೊಡೆ ತೆಗೆದುಕೊಂಡು ಹೋಗಿ, ಸಾಕು" ಎಂದಳು ಹೆಂಡತಿ. ಮಳೆಗಾಲದ ಮಾತೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಗೆ ನೋಡಿದರೆ ನಮ್ಮದು ಆಯುಧಗಳ ಮನೆತನವೇ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಅಪ್ಪ ಸೊಂಟದ ಹಿಂದಿನ ಮರದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಳ್ಳದೆ ಮನೆ ಬಿಟ್ಟವರಲ್ಲ. ಬಾಳೆಗೊನೆ, ಬೇಲಿಯ ಮುಳ್ಳು, ದನಕ್ಕೆ ಸೊಪ್ಪು, ಎಲ್ಲಕ್ಕೂ ಅದೇ ಕತ್ತಿ. ಅಮ್ಮ ಮೆಟ್ಟುಕತ್ತಿಯ ಮೇಲೆ ಕೂತು ಹಲಸಿನಕಾಯಿ ಸೀಳುತ್ತಿದ್ದಳು. ಆತ್ಮರಕ್ಷಣೆಯ ಖಾತೆ ಮಾತ್ರ ಅಜ್ಜಿಯದು. ನಾನು ನಿದ್ದೆಯಲ್ಲಿ ಬೆಚ್ಚಿಬಿದ್ದರೆ ಅವಳು ತನ್ನ ಅಡಕತ್ತರಿಯನ್ನು ತಂದು ನನ್ನ ದಿಂಬಿನಡಿಗೆ ತುರುಕುತ್ತಿದ್ದಳು. ಕಬ್ಬಿಣ ಕಂಡರೆ ದೆವ್ವ ಬರುವುದಿಲ್ಲವಂತೆ. ದೆವ್ವ ಬರಲೂ ಇಲ್ಲ. ಬೆಳಗ್ಗೆ ಕಿವಿಯ ಪಕ್ಕ ಅಡಕತ್ತರಿಯ ಅಚ್ಚು ಮೂಡಿರುತ್ತಿತ್ತು, ಅಷ್ಟೆ.

ಇಂಥ ಪರಂಪರೆಯ ನಾನು ಚಾಕು ಆರಿಸಲು ಅಕ್ಕನ ಮಗನ ಮೊರೆ ಹೋದೆ. ಅವನಿಗೆ ಇದರಲ್ಲಿ ಅಪಾರ ತಿಳಿವಳಿಕೆ. ಮನೆಯಲ್ಲಿ ಒಂದು ಸೌತೆಕಾಯಿ ಹೆಚ್ಚಿದ ದಾಖಲೆ ಇಲ್ಲ, ಅದು ಬೇರೆ ಮಾತು.

"ಮಾವ, ಮೊದಲು ಉಕ್ಕು ಯಾವುದೆಂದು ತೀರ್ಮಾನಿಸಬೇಕು" ಎಂದು ಆರಂಭಿಸಿದ. ಇಂಗಾಲ ಹೆಚ್ಚಿರುವ ಸಾದಾ ಉಕ್ಕಿಗೆ ಒಳ್ಳೆಯ ಹರಿತ ಬರುತ್ತದೆ, ಆದರೆ ಒದ್ದೆ ಬಿಟ್ಟರೆ ತುಕ್ಕು. ಇದು ನನಗೆ ಗೊತ್ತಿದ್ದದ್ದೇ. ಅಪ್ಪನ ಕತ್ತಿ ಮಾವಿನಕಾಯಿ ಕೊಯ್ದ ದಿನ ಕಪ್ಪಗಾಗುತ್ತಿತ್ತು, ಒರೆಸಿ ಎಣ್ಣೆ ಹಚ್ಚಬೇಕಿತ್ತು. ಸ್ಟೇನ್‌ಲೆಸ್ ಆದರೆ ಆ ತಾಪತ್ರಯ ಕಡಿಮೆ. ಆಮೇಲೆ ರಾಕ್‌ವೆಲ್ ಎಂಬ ಗಡಸುತನದ ಲೆಕ್ಕ ಬಂತು. 56ರ ಆಸುಪಾಸಿನದು ಬೇಗ ಮೊಂಡಾದರೂ ಸಾಣೆಗೆ ಬೇಗ ಬಗ್ಗುತ್ತದೆ, 60 ದಾಟಿದ್ದು ಹರಿತ ಉಳಿಸಿಕೊಂಡರೂ ಸಾಣೆ ಹಿಡಿಯುವವನ ಜೀವ ತಿನ್ನುತ್ತದೆ. ನಮ್ಮ ಕಚೇರಿಯಲ್ಲಿ ಎರಡೂ ಬಗೆಯ ಅಧಿಕಾರಿಗಳಿದ್ದಾರಾದ್ದರಿಂದ ತಟ್ಟನೆ ಅರ್ಥವಾಯಿತು.

ಸ್ವಿಸ್ ಸೈನಿಕರ ಕೆಂಪು ಚಾಕು ಹೇಗೆ ಎಂದು ಕೇಳಿದೆ. ಅದರ ಸಾಮಾನ್ಯ ಜೇಬಿನ ಮಾದರಿಯಲ್ಲಿ ಅಲಗನ್ನು ಬಿಗಿಹಿಡಿಯುವ ಬೀಗ ಇರುವುದಿಲ್ಲ, ಮೊನೆಯಿಂದ ಜೋರಾಗಿ ಒತ್ತಿದರೆ ಮಡಚಿಕೊಳ್ಳಬಹುದು ಎಂದ.

"ಅಂದರೆ ಕಳ್ಳನನ್ನು ಚುಚ್ಚಲು ಹೋದರೆ ನನ್ನ ಬೆರಳೇ ಹೋಗುತ್ತದೆಯೇ?"

"ಆ ಸೈನ್ಯಕ್ಕೆ 1891ರಲ್ಲಿ ಅದರ ಮೊದಲ ಮಾದರಿಯನ್ನು ಕೊಟ್ಟದ್ದೇ ಡಬ್ಬಿ ತೆರೆಯಲು, ಬಂದೂಕಿನ ತಿರುಪು ಬಿಚ್ಚಲು, ಮಾವ."

ಸೈನ್ಯವೇ ಚಾಕುವನ್ನು ನಂಬಿ ಯುದ್ಧಕ್ಕೆ ಹೋಗಲಿಲ್ಲವೆಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಬದಲಿಗೆ ಬೀಗವಿರುವ, ಎರಡೂವರೆ ಅಂಗುಲ ಅಲಗಿನ ಬೇರೊಂದು ಮಡಚುವ ಚಾಕು ತರಿಸಿದೆ. ಭಯಸ್ಥನಾದ್ದರಿಂದ ಕಾನೂನನ್ನೂ ನೋಡಿದೆ. ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿಯ ಮಾತು ಬರುವುದು ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇದ್ದಾಗ, ಅದರಲ್ಲೂ ಮನೆಗೆಲಸ, ಬೇಸಾಯದ ಕತ್ತಿಗಳಿಗೆ ವಿನಾಯಿತಿ. ನನ್ನ ಶಸ್ತ್ರದ ಕಡೆ ಕಾನೂನು ಕತ್ತೆತ್ತಿಯೂ ನೋಡದಿದ್ದದ್ದು ಸ್ವಲ್ಪ ಅವಮಾನವೆನಿಸಿತು.

ಭಾನುವಾರ ಕನ್ನಡಿಯ ಮುಂದೆ ತಾಲೀಮು. ಜೇಬಿಗೆ ಕೈ ಹಾಕಿದರೆ ಮೊದಲು ಮನೆಯ ಬೀಗದ ಕೈ ಬಂತು, ಆಮೇಲೆ ಕರವಸ್ತ್ರ, ಬಸ್ ಚೀಟಿ, ಕೊನೆಗೆ ಚಾಕು. ಅಲಗಿನ ಗೀರಿಗೆ ಉಗುರು ಸಿಕ್ಕಿಸಿ ಎಳೆಯಬೇಕು. ಆ ವಾರವಷ್ಟೇ ಉಗುರು ಕತ್ತರಿಸಿಕೊಂಡಿದ್ದೆ. ಒಟ್ಟು ಹನ್ನೊಂದು ಸೆಕೆಂಡು. ಬಟ್ಟೆ ಮಡಚುತ್ತಿದ್ದ ಹೆಂಡತಿ, "ಅಷ್ಟು ಹೊತ್ತು ಕಳ್ಳ ನಿಂತೇ ಇರಬೇಕೇ? ಕುರ್ಚಿ ಹಾಕಿ ಕೂರಿಸಿ, ಪಾಪ" ಎಂದಳು.

ಮುಂದಿನ ದಿನಗಳಲ್ಲಿ ಚಾಕುವಿನಿಂದ ಸೋತವರೆಂದರೆ ಹಾಲಿನ ಪ್ಯಾಕೆಟ್ಟು, ಕೊರಿಯರ್ ಪೆಟ್ಟಿಗೆಯ ಅಂಟುಪಟ್ಟಿ ಮತ್ತು ಕಚೇರಿಯಲ್ಲಿ ಯಾರದೋ ಹುಟ್ಟುಹಬ್ಬದ ಕೇಕು.

ಒಂದು ಬೆಳಗ್ಗೆ ಬಸ್ ತಪ್ಪಿತೆಂದು ಮೆಟ್ರೋ ನಿಲ್ದಾಣಕ್ಕೆ ಹೋದೆ. ಬ್ಯಾಗು ಯಂತ್ರದೊಳಗೆ ಹೋಯಿತು, ಹೊರಗೆ ಬರಲಿಲ್ಲ. ಪರದೆ ನೋಡುತ್ತಿದ್ದಾತ ಕತ್ತೆತ್ತಿ, "ಯಾರದು ಈ ಬ್ಯಾಗು? ಚಾಕು ಇದೆ" ಎಂದ. ನನ್ನ ಸುತ್ತ ನೂಕುತ್ತಿದ್ದ ಜನ ಒಂದೇ ಏಟಿಗೆ ಎರಡೆರಡು ಹೆಜ್ಜೆ ಹಿಂದೆ ಸರಿದರು. ಆ ಚಾಕು ನನ್ನನ್ನು ಜನರಿಂದ ರಕ್ಷಿಸಿದ್ದು ಅದೊಂದೇ ಸಲ. "ಹಾಲಿನ ಪ್ಯಾಕೆಟ್ ಕತ್ತರಿಸಲು" ಎಂದೆ. ಆತ್ಮರಕ್ಷಣೆ ಎನ್ನಲು ಬಾಯಿ ಬರಲಿಲ್ಲ. ಒಳಗೆ ಬಿಡುವುದಿಲ್ಲ, ಹೊರಗೆ ಎಲ್ಲಾದರೂ ಇಟ್ಟು ಬನ್ನಿ ಎಂದರು.

ಹೊರಗೆ ಪಾದಚಾರಿ ಮಾರ್ಗದಲ್ಲಿ ಎಳನೀರಿನವನಿದ್ದ. ಅವನ ಕೈಯಲ್ಲಿ ಮೊಳದುದ್ದದ ಮಚ್ಚು. ಅಂಗೈಯಲ್ಲಿ ಕಾಯಿ ತಿರುಗಿಸುತ್ತ ಮೂರೇ ಏಟಿಗೆ ಬಾಯಿ ತೆರೆದ. ನನ್ನ ಚಾಕು ಇಟ್ಟುಕೊಳ್ಳುವಂತೆ ಕೇಳಿದಾಗ ಮಚ್ಚಿನ ತುದಿಯಿಂದ ಅದನ್ನು ಹೊರಳಿಸಿ ನೋಡಿ, "ಇದನ್ನು ಯಾತಕ್ಕೆ ಇಟ್ಟುಕೊಂಡಿದ್ದೀರಿ ಸ್ವಾಮಿ?" ಎಂದ. ಅವನ ಹತ್ತಿರ ಸುಳ್ಳು ಹೇಳಲಾಗಲಿಲ್ಲ. ಕೇಳಿ ನಗಲಿಲ್ಲ, ಅದೇ ಹೆಚ್ಚು ನೋವಾಯಿತು. "ಇಷ್ಟು ಚಿಕ್ಕದಕ್ಕೆ ಅವನ ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಬೇಕಲ್ಲ. ಅಷ್ಟು ಹತ್ತಿರ ಹೋಗುವ ಬದಲು ಓಡಬಹುದು" ಎಂದ. ಅಕ್ಕನ ಮಗ ಎರಡು ಗಂಟೆಯಲ್ಲಿ ಹೇಳದಿದ್ದದ್ದು ಇದು.

ಸಂಜೆ ತಡವಾಗಿ ಬಂದೆ, ಎಳನೀರಿನವನು ಹೋಗಿಯಾಗಿತ್ತು. ಮಳೆ ಬೇರೆ. ನಿಶ್ಶಸ್ತ್ರನಾಗಿ ಬೀದಿಯ ತುದಿಗೆ ಬಂದಾಗ ಏಳೂ ಎದ್ದು ನಿಂತವು. ಬ್ಯಾಗಿನಲ್ಲಿ ಹೆಂಡತಿ ನನಗೆ ತಿಳಿಯದಂತೆ ತುರುಕಿದ್ದ ಕೊಡೆ ಕೈಗೆ ಸಿಕ್ಕಿತು. ಗುಂಡಿ ಒತ್ತಿದೆ. ಅದು ಫಟ್ಟೆಂದು ಅರಳಿದ್ದೇ ತಡ, ಮುಂದಿದ್ದ ಕಂದು ನಾಯಿ ಕುಂಯ್ ಎಂದು ಹಿಂದಿನದರ ಮೇಲೆ ಬಿತ್ತು. ಒಂದು ಸೆಕೆಂಡೂ ಹಿಡಿಯಲಿಲ್ಲ. ಮನೆಯಲ್ಲಿ ಈ ವಿಷಯ ಹೇಳಿಲ್ಲ.

ಮರುದಿನ ಎಳನೀರಿನವನು ಚಾಕುವನ್ನು ಕಾಯಿಗಳ ರಾಶಿಯ ಮೇಲೆ ಇಟ್ಟು, "ಎತ್ತಿಕೊಳ್ಳಿ, ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ" ಎಂದ. ಮೊಂಡಾಗಿತ್ತೆಂದು ತನ್ನ ಕಲ್ಲಿನ ಮೇಲೆ ನಾಲ್ಕು ಸಲ ಎಳೆದಿದ್ದನಂತೆ. ಅಲಗಿನ ಕನ್ನಡಿ ಹೊಳಪು ಹೋಗಿ ಗೀರುಗಳು ತುಂಬಿದ್ದವು. ಎಷ್ಟು ಹರಿತವಾಗಿದೆ ನೋಡೋಣವೆಂದು ಬಲಗೈ ಹೆಬ್ಬೆರಳು ಸವರಿದೆ.

ಅವನೇ ಒಂದು ಬಟ್ಟೆ ಚೂರು ಹರಿದು ಬೆರಳಿಗೆ ಸುತ್ತಿ, ಒಂದು ಎಳನೀರು ಕೆತ್ತಿ ಕೊಟ್ಟ. ಕುಡಿದು ಹಣ ಕಳಿಸಲು ಮೊಬೈಲ್ ತೆಗೆದೆ. ಅದು ತೆರೆಯುವುದು ಅದೇ ಹೆಬ್ಬೆರಳಿಗೆ. ಬಟ್ಟೆ ಸುತ್ತಿದ ಬೆರಳನ್ನು ಮೂರು ಸಲ ಒತ್ತಿದೆ, ನನ್ನ ಗುರುತೇ ಇಲ್ಲವೆಂದಿತು. ಗುಪ್ತಸಂಖ್ಯೆ ನೆನಪಾಗಲಿಲ್ಲ.

"ನಾಳೆ ಕೊಡಿ ಸ್ವಾಮಿ" ಎಂದ. ನಾನು ಒತ್ತೆಯಾಗಿ ಚಾಕುವನ್ನು ಕಾಯಿಗಳ ಮೇಲೆ ಇಟ್ಟು, ಬಸ್ ನಿಲ್ದಾಣದ ಕಡೆ ನಡೆದೆ.